ಉಗುಳಲು ಒಂದು ಬಟ್ಟಲು

ಕತ್ತಲಲ್ಲಿ ‘ಟೊಕ್’ ಎಂದು ಒಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಯಾರೋ ಬಲು ಸಂಕೋಚದಿಂದ ಬಾಗಿಲು ತಟ್ಟಿ, ತೆರೆಯದಿದ್ದರೇ ಒಳ್ಳೆಯದು ಎಂದುಕೊಂಡು ನಿಂತಂತಿದೆ. ರಾತ್ರಿ ಇನ್ನೂ ಮುಗಿದಿಲ್ಲ, ನಾಲ್ಕು ಗಂಟೆಗೆ ಹತ್ತು ನಿಮಿಷ ಬಾಕಿ ಇದೆ. ಶಾಲೆಯ ಅಡುಗೆಮನೆಯ ಹಿಂಬಾಗಿಲ ಬಳಿ, ಲಾರಿಯಿಂದ ಈಗಷ್ಟೇ ಇಳಿದ ಪೆಟ್ಟಿಗೆಗಳ ನಡುವೆ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಂದೊಂದೇ ಕುಂಬಳಕಾಯಿಯನ್ನು ಕಿವಿಯ ಹತ್ತಿರ ತಂದು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಕೆಲವು ಬಲಕ್ಕೆ ಹೋಗುತ್ತವೆ, ಕೆಲವು ಎಡಕ್ಕೆ. ದೀಪ ಹಾಕಲೇ ಎಂದು ಕೇಳಿದರೆ ಬೇಡ ಎನ್ನುತ್ತಾರೆ.

“ಇವು ಕಣ್ಣಿಗೆ ಮೋಸ ಮಾಡ್ತವೆ, ಕಿವಿಗೆ ಮಾಡಲ್ಲ. ಒಳಗೆ ನಾರು ಕಟ್ಟಿದ್ರೆ ಸದ್ದು ಸತ್ತು ಹೋಗಿರುತ್ತೆ. ಮೊದಲನೇ ಸಲ ಬಾಯಿಗೆ ಹಾಕಿಕೊಳ್ಳೋ ಮಗುಗೆ ನಾರು ಸಿಕ್ತು ಅಂದ್ರೆ ಕಥೆ ಮುಗೀತು. ಇನ್ನು ನಲವತ್ತು ವರ್ಷ ಅದು ಕುಂಬಳಕಾಯಿ ಕಡೆ ತಲೆ ಹಾಕಿ ಮಲಗಲ್ಲ.”

ಅವರಿಗೆ ಐವತ್ತೆಂಟು ವರ್ಷ. ಈ ಶಾಲೆಯಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಹಾಜರಿ ಪುಸ್ತಕದಲ್ಲಿ ‘ಅಡುಗೆ ಸಹಾಯಕಿ’ ಎಂದಿದೆ. ಮುನ್ನೂರ ಹನ್ನೆರಡು ಮಕ್ಕಳ ಬಾಯಲ್ಲಿ ಅವರು ‘ಚೂರಜ್ಜಿ’. ಹೊಸ ಹಣ್ಣೋ ತರಕಾರಿಯೋ ಬಂದಾಗ ಕಿರುಬೆರಳ ಉಗುರಿನಷ್ಟು ಚೂರಿಗಿಂತ ಹೆಚ್ಚು ಯಾರಿಗೂ ಕೊಡುವುದಿಲ್ಲ. ಬೇಡಿದರೂ ಕೊಡುವುದಿಲ್ಲ. ಅಲ್ಲಿಂದ ಬಂದ ಹೆಸರು.

ಐದಕ್ಕೆ ಒಳಗಿನ ದೀಪಗಳು ಹತ್ತಿಕೊಳ್ಳುತ್ತವೆ. ಉದ್ದನೆಯ ಕೋಣೆ, ಬಿಳಿ ಟೈಲ್ಸ್ ಗೋಡೆ, ಎದೆಮಟ್ಟದ ಮೂರು ಒಲೆ, ನೆಲದ ನಡುವೆ ನೀರು ಹರಿದುಹೋಗುವ ಜಾಲರಿ. ನೆಲ ಸದಾ ಒದ್ದೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಕಾಲಿಡುವ ಮುಂಚೆ ಎರಡೆರಡು ಸಲ ನೋಡುತ್ತೇನೆ, ಅವರು ಬಿಸಿ ಹಂಡೆ ಹಿಡಿದು ಅದರ ಮೇಲೆ ಮನೆಯಂಗಳದಲ್ಲಿ ಓಡಾಡಿದಂತೆ ಓಡಾಡುತ್ತಾರೆ. ದಿನಕ್ಕೆ ನಲವತ್ತಾರು ಕಿಲೋ ತರಕಾರಿ ಅವರ ಕೈಯಿಂದ ಹಾದುಹೋಗಬೇಕು. ಅದು ಸಂಬಳದ ಕೆಲಸ. ಅದರ ಮೇಲೆ ಮುನ್ನೂರ ಹನ್ನೆರಡು ಚೂರು. ಅದನ್ನು ಮಾಡಿ ಎಂದು ಯಾರೂ ಅವರಿಗೆ ಹೇಳಿಲ್ಲ.

“ನೀನು ಆ ಚೂರು ಹೆಚ್ಚಿ ಮುಗಿಸೋ ಹೊತ್ತಿಗೆ ನಾನು ಮದುವೆ ಮನೆಗೇ ಅಡುಗೆ ಮಾಡಿ, ಊಟ ಮಾಡಿ, ಒಂದು ನಿದ್ದೆನೂ ತೆಗೆದಿರ್ತೀನಿ,” ಎನ್ನುತ್ತಾರೆ ದೊಡ್ಡ ಒಲೆಯ ಮುಂದೆ ನಿಂತ ಮುಖ್ಯ ಅಡುಗೆಯವರು. ಆಳೆತ್ತರದ, ಹೊಟ್ಟೆ ಮುಂದಿಟ್ಟುಕೊಂಡು ನಡೆಯುವ ಮನುಷ್ಯ.

“ನಿದ್ದೆ ತೆಗೀತೀಯ, ಗೊತ್ತು. ನಿನ್ನೆ ನಿಂತುಕೊಂಡೇ ತೆಗೀತಿದ್ದೆ. ಅನ್ನ ಸೀದು ಹೋಗಿತ್ತು.”

“ಸೀದಿರ್ಲಿಲ್ಲ ಅಕ್ಕ, ಸ್ವಲ್ಪ ಕೆಂಪಾಗಿತ್ತು.”

“ಹ್ಞೂಂ, ನಾಚಿಕೆಗೆ.”

ಚೂರಜ್ಜಿಯ ಪದ್ಧತಿಯನ್ನು ನೋಡಬೇಕಾದರೆ ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಕೋಣೆಯ ಕಿಟಕಿ ಪಕ್ಕದ ಪುಟ್ಟ ಮೇಜಿನ ಬಳಿ ನಿಲ್ಲಬೇಕು. ಮೇಜಿನ ಮೇಲೆ ಎರಡೇ ವಸ್ತು. ಒಂದು, ಚೂರುಗಳ ತಟ್ಟೆ. ಎರಡು, ನೀಲಿ ಅಂಚಿನ ಬಿಳಿ ಬಟ್ಟಲು. ಅದು ಉಗುಳುವ ಬಟ್ಟಲು. ಬಾಯಿಗೆ ಹಾಕಿಕೊಂಡದ್ದು ಹಿಡಿಸದಿದ್ದರೆ ಅಲ್ಲಿಗೆ ಉಗುಳಬಹುದು. ಮೂಸಿ ನೋಡಿ ಬಿಡಬಹುದು, ನಾಲಿಗೆಯ ತುದಿಗೆ ತಾಗಿಸಿ ಬಿಡಬಹುದು, ಸಾಲಿಗೇ ಬರದೆ ಇರಬಹುದು. ಯಾಕೆ ಎಂದು ಯಾರೂ ಕೇಳುವುದಿಲ್ಲ. ನಾನು ಹೋದ ದಿನ ಬೀಟ್‌ರೂಟಿನ ಸರದಿ.

“ಅಜ್ಜಿ, ಇದು ಇವತ್ತು ಹೆಂಗಿದೆ?” ಸಾಲಿನ ಮುಂದಿದ್ದ ಹುಡುಗ ಕೈ ಹಿಂದೆ ಕಟ್ಟಿಕೊಂಡು, ಮಾಲು ಪರೀಕ್ಷಿಸುವ ವ್ಯಾಪಾರಿಯ ಹಾಗೆ ಕೇಳುತ್ತಾನೆ.

ಅವರು ಮೊದಲು ತಾವೊಂದು ಚೂರು ತಿನ್ನುತ್ತಾರೆ, ಯೋಚಿಸುತ್ತಾರೆ. “ನನಗೆ ಮಣ್ಣಿನ ವಾಸನೆ ಬರುತ್ತೆ. ಜೊತೆಗೆ ಸಿಹಿ. ನಿನಗೆ ಬೇರೆ ಥರ ಇರಬಹುದು.”

“ಮಣ್ಣು ಯಾರಾದ್ರೂ ತಿಂತಾರಾ?”

“ಎರಡು ವರ್ಷದವನಿದ್ದಾಗ ನೀನೇ ತಿಂದಿರ್ತೀಯ. ಮನೇಲಿ ಕೇಳು.”

ಸಾಲು ನಗುತ್ತದೆ. ಹುಡುಗ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಮುಖ ಹಿಂಡಿದ ಬಟ್ಟೆಯಂತಾಗುತ್ತದೆ. ಥೂ!

“ಸರಿ. ಮುಂದೆ ನಡಿ.”

ಹಿಂದಿನ ಹುಡುಗಿ ಅಗಿದು, ನುಂಗಿ, ಖಾಲಿ ಬಾಯಿ ತೆರೆದು ತೋರಿಸುತ್ತಾಳೆ. “ಅಜ್ಜಿ, ನಾನು ನುಂಗಿಬಿಟ್ಟೆ!”

“ಸರಿ. ಮುಂದೆ ನಡಿ.”

ಎರಡೂ ಸಲ ದನಿ ಒಂದೇ. ಅದರಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಇದೆಯೇ ಎಂದು ನಾನು ಒಂದು ಗಂಟೆ ಕಿವಿಗೊಟ್ಟು ನಿಂತಿದ್ದೆ. ಇರಲಿಲ್ಲ. ಉಗುಳಿದವನಿಗೆ ಬೈಗುಳವಿಲ್ಲ, ನುಂಗಿದವಳಿಗೆ ಶಹಬ್ಬಾಸ್ ಇಲ್ಲ. ‘ತಿಂದರೆ ಶಕ್ತಿ ಬರುತ್ತೆ’, ‘ಕಣ್ಣಿಗೆ ಒಳ್ಳೇದು’ ಎಂಬ ಮಾತುಗಳನ್ನು ಆ ಮೇಜಿನ ಹತ್ತಿರ ಮುಖ್ಯೋಪಾಧ್ಯಾಯಿನಿಯೂ ಆಡುವಂತಿಲ್ಲ. ಒಮ್ಮೆ ಆಡಿದ್ದಕ್ಕೆ ಅವರನ್ನೂ ‘ಮುಂದೆ ನಡೀರಿ ಟೀಚರ್’ ಎಂದು ಕಳಿಸಿದ್ದರಂತೆ.

ಊಟ ಮುಗಿದ ಮೇಲೆ ಚೂರಜ್ಜಿ ಬಟ್ಟಲಿಗೆ ನೀರು ಹಾಕಿ, ಮರಳಿ ಬಂದ ಚೂರುಗಳನ್ನು ಎಣಿಸುತ್ತಾರೆ. ನೋಡಲು ಹಿತವಾದ ದೃಶ್ಯವಲ್ಲ. ಬೀಟ್‌ರೂಟು ಮೊದಲ ದಿನ ಇನ್ನೂರ ನಲವತ್ತೊಂದು ಮರಳಿತ್ತು. ನಾನು ನೋಡಿದ್ದು ಹನ್ನೊಂದನೆಯ ಸಲ: ಐವತ್ತೆಂಟು. ನಡುವೆ ಹಸಿಯಾಗಿ, ಬೇಯಿಸಿ, ತುರಿದು, ಸುಟ್ಟು, ವಾರಕ್ಕೊಮ್ಮೆ ಅದೇ ತರಕಾರಿ ಬೇರೆ ಬೇರೆ ವೇಷದಲ್ಲಿ ಬಂದುಹೋಗಿದೆ. “ಹತ್ತು ಸಲ ಆಗೋವರೆಗೂ ನಾನು ಏನೂ ಅಂದುಕೊಳ್ಳಲ್ಲ. ಹೊಸ ಮನುಷ್ಯರ ಜೊತೆ ಮಾತಾಡೋಕೇ ನಮಗೆ ಅಷ್ಟು ದಿನ ಬೇಕು. ಮಕ್ಕಳು ನಾಲಿಗೆ ಮೇಲೆ ಇಟ್ಟುಕೊಳ್ಳಬೇಕಲ್ಲ!” ಅವರಿಗೇ ಮೂಲಂಗಿ ಎಂದರೆ ಅಷ್ಟಕ್ಕಷ್ಟೆ. ಮೂಲಂಗಿಯ ದಿನ ಎಲ್ಲರೆದುರು ಮೊದಲು ಉಗುಳುವವರು ಅವರೇ. ಅಂದು ಸಾಲು ಅತಿ ಉದ್ದವಿರುತ್ತದೆ.

ಈ ಸಮಚಿತ್ತ ಹುಟ್ಟಿನಿಂದ ಬಂದದ್ದಲ್ಲ. ಅದರ ಹಿಂದೆ ಎರಡು ತಪ್ಪುಗಳಿವೆ, ಎರಡನ್ನೂ ಅವರೇ ಹೇಳಿದರು. ಕೇಳದೆಯೇ ಹೇಳಿದರು, ಹೆಚ್ಚುವ ಕೈ ನಿಲ್ಲಿಸದೆ.

ಮೊದಲನೆಯದು ಮನೆಯದು. ಗಂಡ ಹಡಗಿನ ಕೆಲಸಕ್ಕೆ ಹೋದವರು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಅದೂ ನಿಂತಿತು. ಇವರು ಹಣ್ಣು ತರಕಾರಿ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತಿದ್ದರು. ಹತ್ತೊಂಬತ್ತು ವರ್ಷ, ಹೆಚ್ಚಾಗಿ ರಾತ್ರಿ ಪಾಳಿ. ಬಲಗೈ ಹೆಬ್ಬೆರಳ ತುದಿಗೆ ಇಂದಿಗೂ ಸ್ಪರ್ಶವಿಲ್ಲ. ಪಾಳಿಗೆ ಹೊರಡುವ ಮುಂಚೆ ಮಗನ ಊಟ ಮುಗಿಯಬೇಕು. ಅವನೋ ಸೊಪ್ಪು ಕಂಡರೆ ತುಟಿ ಬಿಗಿಯುವವನು.

“ಮೂಗು ಹಿಡಿದು ತುರುಕಿದೆ. ಉಸಿರಿಗೆ ಬಾಯಿ ತೆರೀಲೇಬೇಕಲ್ಲ, ಆಗ ತುರುಕಿದೆ. ಒಂದು ದಿನ ಅಲ್ಲ, ಮೂರು ವರ್ಷ. ಒಳ್ಳೇದಕ್ಕೇ ಮಾಡ್ತಿದೀನಿ ಅಂದುಕೊಂಡೆ. ಈಗ ಅವನಿಗೆ ಮೂವತ್ತನಾಲ್ಕು. ಲಿಫ್ಟ್ ರಿಪೇರಿ ಮಾಡ್ತಾನೆ. ಚಿನ್ನದಂಥ ಹುಡುಗ. ರಜೆ ದಿನ ಬರ್ತಾನೆ, ಎದುರು ಕೂತು ಊಟ ಮಾಡ್ತಾನೆ. ಹಸಿರು ಕಂಡದ್ದನ್ನೆಲ್ಲ ತಟ್ಟೆ ಅಂಚಿಗೆ ಸರಿಸಿಡ್ತಾನೆ, ನನಗೆ ಬೇಜಾರಾಗಬಾರದು ಅಂತ ಅದರ ಮೇಲೆ ಒಂದು ತುಂಡು ಬ್ರೆಡ್ ಮುಚ್ಚಿಡ್ತಾನೆ. ನಾನೂ ನೋಡದವಳ ಥರ ಇರ್ತೀನಿ.”

ಎರಡನೆಯ ತಪ್ಪು ಈ ಶಾಲೆಯದು. ಸಿಪ್ಪೆ ಸುಲಿಯುವ ಯಂತ್ರ ಬಂದು ಕಾರ್ಖಾನೆಯ ಕೆಲಸ ಹೋಗಿ, ಇಲ್ಲಿ ಸೇರಿದ ಮೊದಲ ವರ್ಷ. ಬಲವಂತ ಕೂಡದು ಎಂಬುದನ್ನು ಅಷ್ಟರಲ್ಲಿ ಕಲಿತಿದ್ದರು, ಹೊಗಳಿಕೆಯ ವಿಷಯ ಕಲಿತಿರಲಿಲ್ಲ. ಟೊಮೇಟೊ ಮುಟ್ಟದ ಎಂಟು ವರ್ಷದ ಹುಡುಗನೊಬ್ಬ ಒಂದು ದಿನ ತಾನಾಗಿ ಒಂದು ಹೋಳು ತಿಂದ. ಇವರು ಸಂತೋಷ ತಡೆಯಲಾರದೆ ಸೌಟಿನಿಂದ ಹಂಡೆಯ ಮುಚ್ಚಳ ಬಾರಿಸಿದರು. ಇಡೀ ಕೋಣೆ ಚಪ್ಪಾಳೆ ತಟ್ಟಿತು. ತರಗತಿಯಲ್ಲಿ ಅವನ ಹೆಸರಿನ ಮುಂದೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿದರು. ಮರುದಿನ ಊಟದ ಹೊತ್ತಿಗೆ ಹುಡುಗ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಕೂತಿದ್ದ. ಆ ವಾರವಿಡೀ ಬೆಳಿಗ್ಗೆ ಎದ್ದರೆ ಹೊಟ್ಟೆನೋವು.

“ಅವನಿಗೆ ಟೊಮೇಟೊ ಭಯ ಇರ್ಲಿಲ್ಲ. ಇವತ್ತು ತಿನ್ನದೆ ಹೋದ್ರೆ ನಕ್ಷತ್ರ ಕಿತ್ತುಬಿಡ್ತಾರೆ ಅನ್ನೋ ಭಯ. ಮೂಗು ಹಿಡಿಯೋದು ಒಂದೇ, ಚಪ್ಪಾಳೆ ತಟ್ಟೋದು ಒಂದೇ ಅಂತ ಅವತ್ತು ಗೊತ್ತಾಯ್ತು. ಎರಡರಲ್ಲೂ ತಿನ್ನೋದು ನಮಗೋಸ್ಕರ.”

ಹೋದ ವರ್ಷ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಬಟ್ಟಲನ್ನು ನೋಡಿ ಮೂಗು ಮುಚ್ಚಿಕೊಂಡರು. ಊಟದ ಕೋಣೆಯಲ್ಲಿ ಇಂಥ ಅಸಹ್ಯವೇ, ತೆಗೆಯಿರಿ ಎಂದರು. ತೆಗೆದರು. ಮೂರೇ ದಿನಗಳಲ್ಲಿ ಅಗಿದ ಚೂರುಗಳು ಬೆಂಚಿನ ಕೆಳಗೆ, ಹೂಕುಂಡದಲ್ಲಿ, ಅಂಗಿಯ ಜೇಬಿನಲ್ಲಿ, ಒಂದಂತೂ ಪಿಯಾನೋದ ಒಳಗೆ ಪತ್ತೆಯಾದವು. ಕಸ ಗುಡಿಸುವಾಕೆ ಕೆಲಸ ಬಿಡುತ್ತೇನೆಂದು ಕೂತಳು. ನಾಲ್ಕನೆಯ ದಿನ ಬಟ್ಟಲನ್ನು ಅಟ್ಟದಿಂದ ಇಳಿಸಿ ಮೇಜಿನ ಮೇಲೆ ಇಟ್ಟವರು, ಅಷ್ಟು ವರ್ಷವೂ ಅದನ್ನು ಗೇಲಿ ಮಾಡುತ್ತಿದ್ದ ಮುಖ್ಯ ಅಡುಗೆಯವರೇ. “ಅದಕ್ಕೊಂದು ಮುಚ್ಚಳ ಹಾಕ್ತೀವಿ, ಗಂಟೆಗೊಂದು ಸಲ ಕುದಿಯೋ ನೀರಲ್ಲಿ ತೊಳೀತೀವಿ, ಇನ್ನೇನು ಬೇಕು ಸಾರ್ ನಿಮಗೆ?” ಎಂದು ಫೋನಿನಲ್ಲಿ ಗುಡುಗಿದ್ದನ್ನು ಚೂರಜ್ಜಿ ಇಂದಿಗೂ ಅನುಕರಿಸಿ ತೋರಿಸುತ್ತಾರೆ.

ಇನ್ನು ಬೇರೊಬ್ಬ ಹುಡುಗಿಯ ವಿಷಯ. ಇದನ್ನು ನಾನು ಐದು ತಿಂಗಳು ಬರೆಯದೆ ಇಟ್ಟುಕೊಂಡಿದ್ದೆ. ಬರೆಯಬಹುದು ಎಂದು ಹೋದ ತಿಂಗಳು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ, ಅವಳ ಪಕ್ಕದಲ್ಲಿ ಕೂತಿದ್ದ ತಾಯಿಯೂ ತಲೆಯಾಡಿಸಿದ್ದಾರೆ. ತಾಯಿ ಇಸ್ತ್ರಿ ಅಂಗಡಿಯಲ್ಲಿ ದುಡಿಯುವವರು. ಚೂರಜ್ಜಿಯ ಬಗ್ಗೆ ಕೇಳಿದಾಗ ಅವರು ಹೇಳಿದ್ದು ಇಷ್ಟು: “ಅವರು ನನಗೆ ಹದಿನಾರು ದಿನ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದ್ರು. ಹೆತ್ತ ತಾಯಿ ನಾನು, ನನಗೇ ಹೇಳಿದ್ರು. ಆ ಋಣ ನಾನು ಹೆಂಗೆ ತೀರಿಸ್ಲಿ ಹೇಳಿ.”

ಏಳು ವರ್ಷದ ಆ ಹುಡುಗಿ ಬಿಳಿಯದನ್ನು ಮಾತ್ರ ತಿನ್ನುತ್ತಿದ್ದಳು. ಅನ್ನ, ಹಾಲು, ಅಂಚು ತೆಗೆದ ಬ್ರೆಡ್, ಬಾಳೆಹಣ್ಣು, ಸಿಪ್ಪೆ ಸುಲಿದು ಬೇಯಿಸಿದ ಆಲೂಗಡ್ಡೆ. ಯಾಕೆ ಹೀಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಬೈದಾಯಿತು, ಮುದ್ದಿಸಿದ್ದಾಯಿತು, ಆಟಿಕೆಯ ಆಸೆ ತೋರಿಸಿದ್ದಾಯಿತು. ಒಮ್ಮೆ ಕ್ಯಾರೆಟ್ಟನ್ನು ನುಣ್ಣಗೆ ಅರೆದು ಹಾಲಿಗೆ ಬೆರೆಸಿದರು. ಅವಳು ಒಂದೇ ಗುಟುಕಿಗೆ ಕಂಡುಹಿಡಿದು ಹನ್ನೊಂದು ದಿನ ಹಾಲನ್ನೂ ಬಿಟ್ಟಳು. ಒಸಡಿನಲ್ಲಿ ರಕ್ತ ಬರುತ್ತಿತ್ತು. ತೂಕ ಹದಿನೈದು ಕಿಲೋಕ್ಕೆ ನಿಂತಿತ್ತು. ಮಕ್ಕಳ ವೈದ್ಯರು ಗಡುವು ಕೊಟ್ಟಿದ್ದರು: ಆರು ವಾರದಲ್ಲಿ ಊಟ ಬದಲಾಗದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಕೆ ಹಾಕಬೇಕು.

ಚೂರಜ್ಜಿ ಅಡುಗೆಮನೆಯೊಳಗೆ ಅವಳನ್ನು ‘ಬೆಳ್ಳಕ್ಕಿ’ ಎನ್ನುತ್ತಿದ್ದರು, ಅವಳ ಕಿವಿಗೆ ಬೀಳದಂತೆ. ಹುಡುಗಿ ಚೂರಿನ ಸಾಲಿಗೆ ಒಮ್ಮೆಯೂ ಬಂದವಳಲ್ಲ. ನಳಿಕೆಯ ಸುದ್ದಿ ಕೇಳಿದ ದಿನ ಚೂರಜ್ಜಿ ಅವಳ ಹತ್ತಿರ ಹೋಗಿ ಒಂದು ಸಹಾಯ ಕೇಳಿದರು. “ನನ್ನ ಹೆಬ್ಬೆರಳು ಮಾತು ಕೇಳಲ್ಲ ಕಣೇ. ಶಾಲೆ ಬಿಟ್ಟ ಮೇಲೆ ಅಮ್ಮ ಬರೋವರೆಗೂ ಬಟಾಣಿ ಬಿಡಿಸಿಕೊಡ್ತೀಯಾ?” ಎರಡೂವರೆಗೆ ಶಾಲೆ ಬಿಡುತ್ತದೆ, ತಾಯಿ ಬರುವುದು ಮೂರೂವರೆಗೆ. ಹುಡುಗಿ ಬಹಳ ಯೋಚಿಸಿ, ಕೈಗವಸು ಕೊಟ್ಟರೆ ಬರುತ್ತೇನೆ ಎಂದಳು. ಪಾತ್ರೆ ತೊಳೆಯುವ ಹಳದಿ ರಬ್ಬರ್ ಕೈಗವಸು ಅವಳಿಗೆ ಭುಜದವರೆಗೂ ಬರುತ್ತಿತ್ತು. ಅದನ್ನು ಹಾಕಿಕೊಂಡು ಮೊದಲ ದಿನ ಒಂದು ಗಂಟೆಯಲ್ಲಿ ನಾಲ್ಕು ಕಾಯಿ ಬಿಡಿಸಿದಳಂತೆ. ಎರಡನೆಯ ವಾರ ಒಂದು ಕೈಗವಸು ಹೋಯಿತು. ಮೂರನೆಯ ವಾರ ಎರಡೂ.

ತಿನ್ನು ಎಂದು ಚೂರಜ್ಜಿ ಒಂದು ಸಲವೂ ಹೇಳಲಿಲ್ಲ. ಪ್ರತಿದಿನ ಮೂರೂವರೆಗೆ ಗೇಟಿನ ಬಳಿ ತಾಯಿ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇವತ್ತು ಏನಾದ್ರೂ?” ಪ್ರತಿದಿನ ಉತ್ತರ: “ಇಲ್ಲಮ್ಮ.” ಆಗ ಅದು ನಿಜವೇ ಆಗಿತ್ತು.

ನಾನು ಕಂಡದ್ದು ಇಪ್ಪತ್ಮೂರನೆಯ ದಿನ. ಅಂದರೆ ಗಡುವಿಗೆ ಮೂರು ವಾರವೂ ಪೂರ್ತಿ ಉಳಿದಿಲ್ಲ. ಹುಡುಗಿ ಉಗ್ರಾಣದ ಬಾಗಿಲ ಬಳಿ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ಪಾತ್ರೆ. ಚೂರಜ್ಜಿ ಅವಳಿಗೆ ಬೆನ್ನು ಮಾಡಿ ನಲ್ಲಿಯ ಕೆಳಗೆ ಕೊಡ ಹಿಡಿದಿದ್ದಾರೆ. ನಾನು ಅಕ್ಕಿ ಮೂಟೆಗಳ ಪಕ್ಕದ ಸ್ಟೂಲಿನ ಮೇಲೆ ಏನೋ ಬರೆದುಕೊಳ್ಳುತ್ತಿದ್ದೇನೆ. ಹುಡುಗಿ ಒಂದು ಕಾಯಿಯನ್ನು ಸೀಳುತ್ತಾಳೆ. ಕಾಳುಗಳನ್ನು ಪಾತ್ರೆಗೆ ಉದುರಿಸುವುದಿಲ್ಲ. ಎದುರಿನ ಕಿಟಕಿಯನ್ನು ನೋಡುತ್ತ, ತನ್ನ ಕೈ ಏನು ಮಾಡುತ್ತಿದೆ ಎಂದು ತನಗೇ ಗೊತ್ತಿಲ್ಲವೆಂಬಂತೆ ಒಂದು ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ತಕ್ಷಣ ಅಂಗೈಗೆ ಉಗುಳುತ್ತಾಳೆ. ಒದ್ದೆಯಾದ ಕಾಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಮತ್ತೆ ಹಾಕಿಕೊಳ್ಳುತ್ತಾಳೆ. ದವಡೆ ಒಂದು ಸಲ ಆಡುತ್ತದೆ.

ಗಂಟಲಿಗೆ ಸಿಕ್ಕಿಕೊಂಡರೆ ಎಂದು ನನ್ನ ಮೊದಲ ಯೋಚನೆ. ಎದ್ದು ನಿಲ್ಲಬೇಕು ಎನ್ನುವಷ್ಟರಲ್ಲಿ ಚೂರಜ್ಜಿಯ ಕಣ್ಣು ನನ್ನ ಮೇಲಿದೆ. ಅವರು ಯಾವಾಗ ಕತ್ತು ಹೊರಳಿಸಿದರೋ ಕಾಣೆ. ಆ ನೋಟ ನನ್ನನ್ನು ಸ್ಟೂಲಿಗೆ ಕೂರಿಸುತ್ತದೆ, ಪೆನ್ನನ್ನು ಪುಸ್ತಕದೊಳಗೆ ಇಡಿಸುತ್ತದೆ. ಕೊಡ ತುಂಬಿ ನೀರು ಅವರ ಪಾದದ ಮೇಲೆ ಸುರಿಯುತ್ತಿದೆ. ನಲ್ಲಿ ನಿಲ್ಲಿಸಿದರೆ ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಗುತ್ತದಲ್ಲ, ಅದಕ್ಕೇ ನಿಲ್ಲಿಸುತ್ತಿಲ್ಲ. ಹುಡುಗಿ ನುಂಗುತ್ತಾಳೆ. ಇನ್ನೊಂದು ಕಾಳು. ಮತ್ತೊಂದು.

ಆಮೇಲೆ ಅವಳಿಗೆ ಲೆಕ್ಕದ ಚಿಂತೆ ಹತ್ತಿರಬೇಕು. ಖಾಲಿ ಸಿಪ್ಪೆಯನ್ನು ಎತ್ತಿ ಹಿಡಿದು, ತುಂಬ ಸಹಜವಾದ ದನಿಯಲ್ಲಿ ಹೇಳುತ್ತಾಳೆ: “ಅಜ್ಜಿ, ಈ ಕಾಯಲ್ಲಿ ಮೂರು ಕಾಳು ಕಮ್ಮಿ ಇದೆ.”

“ಇರುತ್ತೆ,” ಎನ್ನುತ್ತಾರೆ ಚೂರಜ್ಜಿ, ನಲ್ಲಿಯ ಕಡೆಗೇ ಮುಖ ಮಾಡಿಕೊಂಡು. “ಕೆಲವು ಕಾಯಿ ಹಂಗೇ.”

“ಇದರಲ್ಲೂ ಕಮ್ಮಿ ಇರಬಹುದು.”

“ಇರಬಹುದು. ಈ ಸಲದ ಮಾಲೇ ಹಂಗೆ.”

ಮೂರೂವರೆಗೆ ಗೇಟಿನ ಬಳಿ ತಾಯಿ ನಿಂತಿದ್ದಾರೆ. ಕೈಯಲ್ಲಿ ಇಸ್ತ್ರಿಯ ಹಬೆಗೆ ಬೆಂದ ಕೆಂಪು ಗುರುತು, ಕಣ್ಣ ಕೆಳಗೆ ಕಪ್ಪು. ಹುಡುಗಿ ಮುಂದೆ ಓಡಿ ರಸ್ತೆಯಂಚಿನ ಕಲ್ಲುಗಳ ಮೇಲೆ ಕುಪ್ಪಳಿಸುತ್ತಿದ್ದಾಳೆ. ತಾಯಿ ದನಿ ತಗ್ಗಿಸಿ ಕೇಳುತ್ತಾರೆ, “ಇವತ್ತು ಏನಾದ್ರೂ?”

ಚೂರಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. “ಇಲ್ಲಮ್ಮ. ನಾನು ಕೆಲಸದಲ್ಲಿದ್ದೆ, ಏನೂ ಕಾಣಲಿಲ್ಲ.”

ತಾಯಿ ತಲೆಯಾಡಿಸುತ್ತಾರೆ. ನಗಲು ನೋಡುತ್ತಾರೆ, ಆಗುವುದಿಲ್ಲ. ಮಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ತಿರುವಿನವರೆಗೂ ಒಂದೇ ಸಮನೆ ನಡೆದುಹೋಗುತ್ತಾರೆ. ಅವರ ಬೆನ್ನನ್ನು ನೋಡಲು ನನ್ನಿಂದಾಗುವುದಿಲ್ಲ.

“ಹೇಳಿದ್ರೆ ಆ ತಾಯಿ ಇವತ್ತೊಂದು ರಾತ್ರಿ ನಿದ್ದೆ ಮಾಡ್ತಿದ್ರು,” ಎನ್ನುತ್ತೇನೆ. ದನಿಯಲ್ಲಿ ಕೋಪವಿತ್ತೇನೋ.

“ಮಾಡ್ತಿದ್ಲು. ಬೆಳಿಗ್ಗೆ ಎದ್ದು ಒಂದು ತಟ್ಟೆ ತುಂಬ ಬಟಾಣಿ ಬೇಯಿಸಿ ಮಗಳ ಮುಂದೆ ಇಟ್ಟು, ಎದುರು ಕೂತು ಬಾಯಿ ನೋಡ್ತಿದ್ಲು. ಅವಳ ತಪ್ಪಲ್ಲ. ಯಾವ ತಾಯಾದ್ರೂ ಹಂಗೇ ಮಾಡ್ತಾಳೆ. ನಾನಾಗಿದ್ರೆ ಪಕ್ಕದ ಮನೆಯೋರನ್ನೂ ಕರೀತಿದ್ದೆ.”

“ಗಡುವು ಇದೆಯಲ್ಲ?”

ಅವರು ಗೇಟಿನ ಚಿಲಕ ಹಾಕುತ್ತಾರೆ.

“ಇದೆ. ನಾನು ತಪ್ಪು ಮಾಡ್ತಿದ್ರೆ ಆ ತಪ್ಪೂ ನನ್ನದೇ, ಹೊತ್ಕೋತೀನಿ. ಹದಿನೈದು ದಿನ ನೋಡ್ತೀನಿ, ಅಷ್ಟರಲ್ಲಿ ಅವಳೇ ಮನೇಲಿ ಬಾಯಿ ಬಿಡದಿದ್ರೆ ಡಾಕ್ಟರ ಹತ್ತಿರ ನಾನೇ ಹೋಗಿ ಎಲ್ಲ ಹೇಳ್ತೀನಿ. ಅಲ್ಲೀವರೆಗೂ ಇಲ್ಲ. ಇಷ್ಟು ದಿನ ಆ ಮಗು ಬಾಯಿ ಹತ್ತಿರ ಏನು ಹೋದ್ರೂ ಊರೆಲ್ಲ ನೋಡ್ತಿತ್ತು. ಇವತ್ತು ಯಾರೂ ನೋಡದೆ ಇದ್ದಾಗ ಮೂರು ಕಾಳು ತಿಂದಿದಾಳೆ. ಅದು ಅವಳದ್ದು. ಅದನ್ನ ಹೇಳೋದೂ ಅವಳ ಕೈಲೇ ಇರ್ಲಿ.”

ಒಳಗಿನಿಂದ ಮುಖ್ಯ ಅಡುಗೆಯವರ ದನಿ ಕೇಳುತ್ತದೆ. “ಏನಕ್ಕ, ನಲ್ಲಿ ಹಂಗೇ ಬಿಟ್ಟಿದೀಯ, ಅಡುಗೆಮನೆ ಕೆರೆ ಆಗಿದೆ! ಏನಾಯ್ತು ಇವತ್ತು ನಿನಗೆ?”

“ಏನೂ ಆಗಿಲ್ಲ,” ಎಂದು ಕೂಗಿ ಹೇಳಿ, ಚೂರಜ್ಜಿ ನೆಲ ಒರೆಸುವ ಬಟ್ಟೆ ಹುಡುಕುತ್ತ ಒಳಗೆ ಹೋಗುತ್ತಾರೆ.